ಯೋಗ ಕ್ಲಾಸಿಗೆ ಹೊರಟಿರಾ? ಮೊದಲು ಒಂದು ದಿನ ನೋಡಿ ಬನ್ನಿ

'ನಾಳೆಯಿಂದ ನಾನೂ ಯೋಗಕ್ಕೆ ಹೋಗ್ತೀನಿ!'

ಈ ಮಾತನ್ನು ನೀವು ಎಷ್ಟು ಸಲ ಹೇಳಿದ್ದೀರಿ? ಯುಗಾದಿಗೆ ಒಂದು ಸಲ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಒಂದು ಸಲ, ಯಾರದೋ ಮದುವೆ ಆಲ್ಬಮ್ಮಿನಲ್ಲಿ ನಿಮ್ಮನ್ನು ನೀವೇ ಪಕ್ಕದಿಂದ ನೋಡಿ ಗಾಬರಿಯಾದಾಗ ಇನ್ನೊಂದು ಸಲ. ಮನೆಯವರು ಪೇಪರಿನಿಂದ ತಲೆ ಎತ್ತದೆ 'ಹೂಂ, ಹೋಗು' ಅನ್ನುತ್ತಾರೆ. ಆ 'ಹೂಂ' ಎಷ್ಟು ದಿನಕ್ಕೆ ಎಂಬುದು ಅವರಿಗೂ ಗೊತ್ತು, ನಿಮಗೂ ಗೊತ್ತು.

ಸೇರಿದವರಲ್ಲಿ ಕೆಲವರು ವರ್ಷಗಟ್ಟಲೆ ಬಿಡದೆ ಹೋಗುತ್ತಾರೆ. ಕೆಲವರು ನಾಲ್ಕನೇ ದಿನಕ್ಕೆ ಮ್ಯಾಟು ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಹಾಗೆ ಬಿಟ್ಟವರನ್ನು ಸೋಮಾರಿಗಳು ಅಂದುಬಿಡುವುದು ಸುಲಭ. ಆದರೆ ಚಿಕ್ಕಮಗಳೂರಿನಲ್ಲಿ, ಮೂಡಿಗೆರೆಯಲ್ಲಿ, ಕಳಸದ ಕಡೆಯ ನಂಟರ ಮನೆಗಳಲ್ಲಿ ನನ್ನ ಪರಿಚಯದ ಹೆಂಗಸರನ್ನು ಸಮಾಧಾನವಾಗಿ ಕೂತು ಕೇಳಿದಾಗ ಬಂದ ಉತ್ತರಗಳೇ ಬೇರೆ. 'ಎರಡನೇ ದಿನಕ್ಕೇ ಮಂಡಿ ಹಿಡ್ಕೊಂತು.' 'ಎಲ್ಲ ಬಗ್ಗಿ ಕಾಲ್ಬೆರಳು ಹಿಡಿದ್ರೆ ನನ್ನ ಕೈ ಮಂಡಿ ದಾಟಲಿಲ್ಲ, ಪಕ್ಕದವಳು ನಕ್ಕಳು.' 'ಮೇಷ್ಟ್ರು ಹೇಳದೆ ಕೇಳದೆ ಬೆನ್ನ ಮೇಲೆ ಕೈಯಿಟ್ಟು ಒತ್ತಿದ್ರು, ನಂಗೆ ಸರಿ ಕಾಣಲಿಲ್ಲ.' 'ಆರೂವರೆಗೆ ಕ್ಲಾಸು ಅಂತಾರೆ, ಅಷ್ಟೊತ್ತಿಗೆ ನಮ್ಮನೇಲಿ ತಿಂಡಿಗೆ ಹಿಟ್ಟೂ ಕಲಸಿರಲ್ಲ.'

ಇವರಲ್ಲಿ ಯಾರೊಬ್ಬರೂ ಸೋಮಾರಿ ಅಲ್ಲ ನೋಡಿ. ಕ್ಲಾಸು ಇವರ ಅಳತೆಗೆ ಹೊಲಿದದ್ದಲ್ಲ, ಅಷ್ಟೇ. ಬ್ಲೌಸ್ ಬಿಗಿಯಾದರೆ ನಾವು ಟೈಲರನ್ನು ಬೈಯುತ್ತೇವೆ. ಯೋಗ ಮೈಗೆ ಹೊಂದದಿದ್ದರೆ ಮಾತ್ರ ನಮ್ಮ ಮೈಯನ್ನೇ ಬೈದುಕೊಂಡು ಮನೆಗೆ ಬರುತ್ತೇವೆ! ಅದಕ್ಕೇ ನಾನು ಹೇಳುವುದು, ಫೀಸು ಕಟ್ಟುವ ಮುಂಚೆ ಒಂದು ದಿನ ಸುಮ್ಮನೆ ಹೋಗಿ ನೋಡಿ. ಗೋಡೆಗೆ ಒರಗಿ ಕೂತು ಒಂದು ಗಂಟೆ ನೋಡಿದರೆ ಬೇಕಾದ್ದೆಲ್ಲ ಗೊತ್ತಾಗುತ್ತದೆ. ಒಳ್ಳೆಯ ಟೀಚರ್ ಇದಕ್ಕೆ ಬೇಡ ಅನ್ನುವುದಿಲ್ಲ. ಬೇಡ ಅಂದರೆ, ಅದೂ ಒಂದು ಉತ್ತರವೇ.

ವೀಕೆಂಡ್ ಅತಿಥಿಗಳ ಯೋಗ

ಮೊದಲು ನಮ್ಮೂರಿಗೆ ಬರುವ ಅತಿಥಿಗಳ ಕಥೆ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಐದಾರು ಗಂಟೆ ಕಾರಿನಲ್ಲಿ ಮಂಡಿ ಮಡಿಚಿ ಕೂತು ಬರುತ್ತಾರೆ. ಶನಿವಾರ ಮುಳ್ಳಯ್ಯನಗಿರಿಯ ಮೆಟ್ಟಿಲು, ಬಾಬಾ ಬುಡನ್‌ಗಿರಿ, ಮಾಣಿಕ್ಯಧಾರಾ. ರಾತ್ರಿ ಹೋಮ್‌ಸ್ಟೇಯಲ್ಲಿ ಕಡುಬು, ಅಕ್ಕಿರೊಟ್ಟಿ, ಕೋಳಿಸಾರು. ಭಾನುವಾರ ಬೆಳಗ್ಗೆ ಆರಕ್ಕೆ ಮಂಜು ಮುಸುಕಿದ ಅಂಗಳದಲ್ಲಿ ಹನ್ನೆರಡು ಸೂರ್ಯ ನಮಸ್ಕಾರ! ಫೋಟೋ ಬಹಳ ಚೆನ್ನಾಗಿ ಬರುತ್ತದೆ. ಸೋಮವಾರ ಸೊಂಟ ಹಿಡಿದುಕೊಂಡಿರುತ್ತದೆ.

ತಪ್ಪು ಸೂರ್ಯ ನಮಸ್ಕಾರದ್ದಲ್ಲ. ಹಿಂದಿನ ದಿನ ಬೆಟ್ಟ ಹತ್ತಿ ದಣಿದ ತೊಡೆ, ಗಂಟೆಗಟ್ಟಲೆ ಕೂತು ಬಿಗಿದ ಸೊಂಟ, ಮೇಲೆ ಡಿಸೆಂಬರಿನ ಚಳಿ. ಇಂಥ ಮೈಯನ್ನು ಎದ್ದ ಕೂಡಲೇ ಬಗ್ಗಿಸಬಾರದು. ಕಾಲು ಗಂಟೆ ಅಂಗಳದಲ್ಲೇ ಓಡಾಡಿ, ಕೈಕಾಲು, ಕತ್ತು, ಭುಜ ನಿಧಾನಕ್ಕೆ ತಿರುಗಿಸಿ, ಸ್ವಲ್ಪ ಬೆಚ್ಚಗಾದ ಮೇಲೆ ಶುರು ಮಾಡಿದರೆ ಈ ಫಜೀತಿ ಇಲ್ಲ. ರಾತ್ರಿ ಊಟ ಹತ್ತೂವರೆಗೆ ಆಗಿದ್ದರೆ, ಬೆಳಗ್ಗೆ ಹೊಟ್ಟೆ ಇನ್ನೂ ಭಾರ ಅನ್ನಿಸಿದರೆ, ಅವತ್ತು ಬಗ್ಗುವ, ತಿರುಚುವ ಆಸನ ಬಿಟ್ಟು ಉಸಿರಾಟಕ್ಕಷ್ಟೇ ಕೂರಿ. ನಮ್ಮ ಕಡೆಗೆ ಬಂದವರೊಬ್ಬರು, ಅರವತ್ತು ದಾಟಿದ ಅಜ್ಜಿ, ಮಗಳು ಮೊಮ್ಮಗಳು ಹುಲ್ಲಿನ ಮೇಲೆ ಕಸರತ್ತು ಮಾಡುತ್ತಿದ್ದರೆ ತಾವು ಜಗಲಿಯ ಕುರ್ಚಿಯಲ್ಲೇ ಕೂತು ಬರೀ ಉಸಿರಾಟ, ಭುಜ ಎತ್ತಿ ಇಳಿಸುವುದು, ಪಾದ ತಿರುಗಿಸುವುದು ಮಾಡಿದರಂತೆ. ಮೂವರಲ್ಲಿ ಮರುದಿನ ಮಾತ್ರೆ ಹುಡುಕದೆ ಇದ್ದವರು ಅವರೊಬ್ಬರೇ!

ಇನ್ನು ಮಳೆಗಾಲದಲ್ಲಿ ಬರುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದ ಹುಲ್ಲಿನ ಮೇಲೆ ಮ್ಯಾಟು ಹಾಸಬೇಡಿ. ಶವಾಸನದಲ್ಲಿ ಕಣ್ಣು ಮುಚ್ಚಿ ಮಲಗಿದವರನ್ನು ಇಂಬಳಗಳು ಬಹಳ ಪ್ರೀತಿಯಿಂದ ಹುಡುಕಿಕೊಂಡು ಬರುತ್ತವೆ. ಜಗಲಿಯೇ ಸರಿ.

ಯೋಗಕ್ಕೆ ನಮ್ಮೂರು ಒಪ್ಪುವ ದಿನಗಳು ಬೇರೆಯೇ ಇವೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿಗಿಡವೆಲ್ಲ ಬೆಳ್ಳಗಾಗುತ್ತದಲ್ಲ, ಆ ನಾಲ್ಕು ದಿನ ಕಿಟಕಿ ತೆಗೆದಿಟ್ಟು ಕೂತರೆ 'ದೀರ್ಘವಾಗಿ ಉಸಿರೆಳೆದುಕೊಳ್ಳಿ' ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅರಮನೆ ಹುಡುಗರ ಅಳತೆ

ನಾವು ಕ್ಲಾಸಿನಲ್ಲಿ ಮಾಡುವ ಈ ಎಗರುವ, ಬಾಗುವ ಆಸನಗಳ ಸರಣಿ ಎಲ್ಲಿಂದ ಬಂತು ಎಂದು ಯಾವತ್ತಾದರೂ ಯೋಚಿಸಿದ್ದೀರಾ? ಯೋಗ ಬಹಳ ಹಳೆಯದು, ನಿಜ. ಆದರೆ ಇಂದು ಪ್ರಪಂಚದ ಊರೂರುಗಳಲ್ಲಿ ಕಲಿಸುವ ಆಸನಗಳ ರೀತಿಯಲ್ಲಿ ದೊಡ್ಡ ಪಾಲು ನಮ್ಮ ಮೈಸೂರಿನದು. ಅದರಲ್ಲಿ ಕಾಫಿ ತೋಟಕ್ಕೂ ಒಂದು ಸಣ್ಣ ಪಾಲಿದೆ!

ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದವರು. ಆರು ದರ್ಶನಗಳನ್ನು ಓದಿಕೊಂಡ ದೊಡ್ಡ ವಿದ್ವಾಂಸರು. ಆದರೂ ಯೋಗ ಕಲಿಸಿ ಸಂಸಾರ ನಡೆಸುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ. ನಮ್ಮ ಪಕ್ಕದ ಹಾಸನದ ಸೀಮೆಯ ಕಾಫಿ ತೋಟವೊಂದರಲ್ಲಿ ಮೇಸ್ತ್ರಿ ಕೆಲಸ ಮಾಡಿಕೊಂಡಿದ್ದರು. ಬಿಡುವಿದ್ದಾಗ ಊರೂರಲ್ಲಿ ಉಪನ್ಯಾಸ, ಪ್ರದರ್ಶನ. 1927ರಲ್ಲಿ ಹಾಸನದಲ್ಲಿ ಅವರ ಪ್ರದರ್ಶನ ನೋಡಿ ಮರುಳಾದ ಹನ್ನೆರಡು ವರ್ಷದ ಹುಡುಗನೇ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸ್. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು ಕೃಷ್ಣಮಾಚಾರ್ಯರನ್ನು ಕರೆಸಿಕೊಂಡರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಅವರ 'ಯೋಗ ಮಕರಂದ' ಕನ್ನಡದಲ್ಲೇ ಅಚ್ಚಾಯಿತು.

ಆ ಯೋಗಶಾಲೆಯಲ್ಲಿ ಕಲಿಯುತ್ತಿದ್ದವರು ಯಾರು ಗೊತ್ತೇ? ಹೆಚ್ಚಿನವರು ಅರಸು ಮನೆತನದ ಹುಡುಗರು. ಎಳೆಯ ಮೂಳೆ, ಬಿಸಿರಕ್ತ. ಅವರನ್ನು ಹಿಡಿದು ನಿಲ್ಲಿಸಬೇಕಾದರೆ ಎಗರಿಸಬೇಕು, ನೆಗೆಸಬೇಕು, ಬೆವರಿಳಿಸಬೇಕು. ಅದಕ್ಕೆ ತಕ್ಕ ಪಾಠ ಅದು. ಅದೇ ಸರಣಿಯನ್ನು ಎರಡು ಹೆರಿಗೆ ಆದ, ಒಂದು ಸಿಸೇರಿಯನ್ ಆದ, ಗ್ಯಾಸ್ ಕಟ್ಟೆಯ ಮುಂದೆ ನಿಂತು ನಿಂತು ಮಂಡಿ ಸವೆದ ನಲವತ್ತೈದರ ಗೃಹಿಣಿಗೆ ಹಾಗೇ ಉಣಬಡಿಸಿದರೆ?

ಕೃಷ್ಣಮಾಚಾರ್ಯರಿಗೆ ಇದು ತಿಳಿಯದ್ದೇನಲ್ಲ. ಕಲಿಯುವವರ ವಯಸ್ಸು, ಶಕ್ತಿ, ಕಾಯಿಲೆ ನೋಡಿ ಒಬ್ಬೊಬ್ಬರಿಗೆ ಒಂದೊಂದು ರೀತಿ ಕಲಿಸಬೇಕು ಎಂಬುದನ್ನು ಅವರು ಮುಂದೆ ಬಹಳ ಒತ್ತಿ ಹೇಳಿದರು. ಅವರ ಪತ್ನಿ ನಾಮಗಿರಿಯಮ್ಮ, ಹೆಣ್ಣುಮಕ್ಕಳು ಆಸನ ಹಾಕುವುದನ್ನು 1938ರ ಒಂದು ಮೂಕಿ ಚಿತ್ರದಲ್ಲಿ ಈಗಲೂ ನೋಡಬಹುದು. ರಷ್ಯಾದ ಇಂದ್ರಾದೇವಿ ಬಂದಾಗ ಮೊದಲು ಒಲ್ಲೆ ಎಂದರೂ ಮಹಾರಾಜರ ಮಾತಿನ ಮೇಲೆ ಸೇರಿಸಿಕೊಂಡರು. ಆ ಕಾಲಕ್ಕೆ ಇದು ಸಣ್ಣ ಸಂಗತಿಯೇನಲ್ಲ.

ನನಗೆ ಇನ್ನೂ ಇಷ್ಟವಾಗುವುದು ಧಾರವಾಡದ ಪ್ರಸಂಗ. 1936ರಲ್ಲಿ ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕಕ್ಕೆ ಹೋಗಿದ್ದಾಗ ಅಲ್ಲಿನ ಹೆಂಗಸರು 'ನಮಗೂ ಕಲಿಸಿ' ಎಂದರು. ದೊಡ್ಡ ಗಂಡಸರು ಕಲಿಸುವುದು ಸರಿ ಕಾಣದೆಂದು, ಗುಂಪಿನಲ್ಲೇ ಕಿರಿಯನಾಗಿದ್ದ ಹುಡುಗನನ್ನು ಮುಂದೆ ಬಿಟ್ಟರು. ಆ ಹುಡುಗ ಕೋಲಾರ ಜಿಲ್ಲೆಯ ಬೆಳ್ಳೂರಿನ ಸುಂದರರಾಜ, ನಾಮಗಿರಿಯಮ್ಮನವರ ತಮ್ಮ. ಮುಂದೆ ಜಗತ್ತಿಗೇ ಬಿ.ಕೆ.ಎಸ್. ಅಯ್ಯಂಗಾರ್ ಆದರು. ಅಂದರೆ ಅವರ ಗುರುತನದ ಮೊದಲ ಪಾಠಗಳು ನಡೆದದ್ದು ನಮ್ಮಂಥ ಹೆಂಗಸರ ಮುಂದೆ!

ಚಿಕ್ಕಂದಿನಲ್ಲಿ ಕ್ಷಯ, ಮಲೇರಿಯಾ, ಟೈಫಾಯ್ಡ್ ಎಲ್ಲ ಕಂಡಿದ್ದ ಅಯ್ಯಂಗಾರರಿಗೆ ಬಾಗದ ಮೈಯ ಕಷ್ಟ ಗೊತ್ತಿತ್ತು. ಪುಣೆಯಲ್ಲಿ ಅವರು ಹಗ್ಗ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ದಿಂಬು ಎಲ್ಲವನ್ನೂ ಯೋಗಕ್ಕೆ ತಂದರು. ಕೈ ಕಾಲಿಗೆ ಎಟುಕದಿದ್ದರೆ ನಡುವೆ ಬೆಲ್ಟು, ಅಷ್ಟೇ. ಅವರ ಮಗಳು ಗೀತಾ ಅಯ್ಯಂಗಾರ್ ಮುಟ್ಟು, ಬಸಿರು, ಬಾಣಂತನ, ಮುಟ್ಟು ನಿಲ್ಲುವ ಕಾಲ, ಹೀಗೆ ಹೆಣ್ಣಿನ ಒಂದೊಂದು ಹಂತಕ್ಕೂ ಯಾವುದು ಬೇಕು, ಯಾವುದು ಬೇಡ ಎಂದು ಬರೆದೇ ಇಟ್ಟರು.

ನಮ್ಮ ಮನೆಗಳಲ್ಲಿ ಬೆಲ್ಟಿಗೆ ಬರವೇ? ಹಳೆಯ ಕಾಟನ್ ಸೀರೆ ಉದ್ದಕ್ಕೆ ಮಡಿಚಿದರೆ ಬೆಲ್ಟು. ಜಮಖಾನ ಸುತ್ತಿದರೆ ದಿಂಬು. ಊಟದ ಮೇಜಿನ ಕುರ್ಚಿ, ಕೈ ಇಲ್ಲದ್ದು, ಅಲುಗಾಡದ್ದು ಇದ್ದರೆ ಸಾಕು. ಕ್ಲಾಸಿನಲ್ಲಿ ಇಂಥ ಸಾಮಾನು ಒಂದೂ ಕಾಣದಿದ್ದರೆ, 'ಕೈ ಎಟುಕದವರು ಏನು ಮಾಡ್ತಾರೆ ಮೇಡಂ?' ಎಂದು ಸುಮ್ಮನೆ ಕೇಳಿ ನೋಡಿ. 'ದಿನಾ ಮಾಡಿದ್ರೆ ತಾನಾಗೇ ಬರುತ್ತೆ' ಎಂಬುದೊಂದೇ ಉತ್ತರವಾದರೆ ಇನ್ನೊಂದು ಕ್ಲಾಸು ನೋಡಿ.

ಮೊದಲ ಐದು ನಿಮಿಷ

ನೋಡಲು ಹೋದ ದಿನ ನೀವು ಗಮನಿಸಬೇಕಾದ್ದು ಟೀಚರ್ ಎಷ್ಟು ಬಾಗುತ್ತಾರೆ ಎಂಬುದನ್ನಲ್ಲ. ಹೊಸದಾಗಿ ಬಂದವರನ್ನು ಅವರು ಏನು ಕೇಳುತ್ತಾರೆ ಎಂಬುದನ್ನು. ಬಿ.ಪಿ. ಇದೆಯಾ, ಶುಗರ್ ಇದೆಯಾ, ಆಪರೇಷನ್ ಏನಾದರೂ ಆಗಿದೆಯಾ, ಬೆನ್ನು ಮಂಡಿ ಹೇಗಿದೆ, ಕಣ್ಣಿನ ತೊಂದರೆ ಇದೆಯಾ, ಬಸಿರೇನಾದರೂ ಇದೆಯಾ? ಕೇಳದಿದ್ದರೆ ನೀವೇ ಹೇಳಿ. ನಾವು ಹೆಂಗಸರು ಗರ್ಭಕೋಶದ ಆಪರೇಷನ್ನಿನ ವಿಷಯ ಹತ್ತು ಜನರ ಮುಂದೆ ಹೇಳಲು ಹಿಂಜರಿಯುತ್ತೇವೆ. ಪಕ್ಕಕ್ಕೆ ಕರೆದು ಹೇಳಿ, ಇಲ್ಲವೇ ಚೀಟಿಯಲ್ಲಿ ಬರೆದು ಕೊಡಿ. ಹೇಳದೆ ಮಾತ್ರ ಇರಬೇಡಿ.

ಯಾಕೆಂದರೆ ಇವು ಬರೀ ಶಾಸ್ತ್ರಕ್ಕೆ ಕೇಳುವ ಪ್ರಶ್ನೆಗಳಲ್ಲ. ಗ್ಲಾಕೋಮಾ ಇದ್ದವರು ತಲೆ ಕೆಳಗೆ ಮಾಡಿದರೆ ಕಣ್ಣೊಳಗಿನ ಒತ್ತಡ ಏರುತ್ತದೆ. ಶೀರ್ಷಾಸನ, ಸರ್ವಾಂಗಾಸನ ಅವರಿಗೆ ಸಲ್ಲದು. ಬಿ.ಪಿ. ಹತೋಟಿಗೆ ಬಂದಿಲ್ಲದವರಿಗೆ ಇವೆರಡರ ಜೊತೆ ಜೋರು ಕಪಾಲಭಾತಿಯೂ ಬೇಡ, ಉಸಿರು ಬಿಗಿಹಿಡಿಯುವುದೂ ಬೇಡ. ಮುಟ್ಟು ನಿಂತ ಮೇಲೆ ನಮ್ಮ ಮೂಳೆ ತೆಳುವಾಗುತ್ತ ಬರುತ್ತದೆ. ಮೂಳೆ ಸವೆದಿದೆ ಎಂದು ಡಾಕ್ಟರು ಹೇಳಿದ್ದರೆ ಬೆನ್ನು ಗುಂಡಗೆ ಮಾಡಿ ಪೂರ್ತಿ ಮುಂದಕ್ಕೆ ಬಾಗುವುದು, ಜೋರಾಗಿ ಸೊಂಟ ತಿರುಚುವುದು ಅಪಾಯ. ಬೆನ್ನುಮೂಳೆ ಕುಸಿಯಬಹುದು. ಡಿಸ್ಕ್ ಜಾರಿದವರಿಗೂ ಮುಂದಕ್ಕೆ ಬಾಗುವ ಆಸನಗಳಲ್ಲಿ ಎಚ್ಚರ ಬೇಕು. ಬಸುರಿಯರಿಗೆ ಕಪಾಲಭಾತಿ, ಹೊಟ್ಟೆ ಅಡಿಮಾಡಿ ಮಲಗುವುದು, ಹೊಟ್ಟೆ ಒತ್ತುವ ತಿರುಚು ಯಾವುದೂ ಬೇಡ. ತಿಂಗಳು ತುಂಬುತ್ತ ಬಂದಂತೆ ಶವಾಸನವನ್ನೂ ಎಡ ಮಗ್ಗುಲಿಗೆ ಮಲಗಿ ಮಾಡುವುದೇ ಲೇಸು. ಹೆರಿಗೆ, ಸಿಸೇರಿಯನ್, ಗರ್ಭಕೋಶದ ಆಪರೇಷನ್ ಆದವರು ಶುರುಮಾಡುವ ದಿನವನ್ನು ಡಾಕ್ಟರರಿಂದಲೇ ಕೇಳಿ ತಿಳಿಯಿರಿ. ಪಕ್ಕದ ಮನೆಯವರು ಎಷ್ಟು ದಿನಕ್ಕೆ ಎದ್ದರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರೇ, ಖಾಲಿ ಹೊಟ್ಟೆಯ ಯೋಗ ಎಲ್ಲರಿಗೂ ಒಂದೇ ಅಲ್ಲ. ಕೈಕಾಲು ನಡುಗಿ, ಬೆವರು ಕಿತ್ತು ಬಂದರೆ ಶುಗರ್ ಇಳಿದಿದೆ ಎಂದು ತಿಳಿಯಿರಿ. ಮ್ಯಾಟಿನ ಪಕ್ಕದಲ್ಲೇ ಒಂದಿಷ್ಟು ಸಕ್ಕರೆಯೋ ಗ್ಲೂಕೋಸೋ ಇರಲಿ. ಟೀಚರಿಗೂ ಗೊತ್ತಿರಲಿ.

ಮುಟ್ಟಿನ ದಿನಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಯ್ಯಂಗಾರ್ ಪರಂಪರೆಯವರು ಆ ದಿನಗಳಲ್ಲಿ ತಲೆಕೆಳಗಾಗುವ ಆಸನ ಬೇಡ ಅನ್ನುತ್ತಾರೆ. ಮಾಡಿದರೆ ಕೇಡೇ ಆಗುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ. ನನ್ನನ್ನು ಕೇಳಿದರೆ, ಮೈ ಏನು ಹೇಳುತ್ತದೋ ಅದು. ಮಲಗಬೇಕು ಅನ್ನಿಸಿದರೆ ದಿಂಬಿಟ್ಟು ಮಲಗಿ. ಆ ಒಂದು ಗಂಟೆಯೂ ನಿಮ್ಮದೇ ತಾನೆ?

ಇಷ್ಟೆಲ್ಲ 'ಬೇಡ' ಕೇಳಿ ಹೆದರಬೇಡಿ ಮತ್ತೆ! ಬೆನ್ನುನೋವಿನ ವಿಷಯಕ್ಕೇ ಬನ್ನಿ. ಅಮೆರಿಕದ ಬಾಸ್ಟನ್ನಿನಲ್ಲಿ ಬಹುಕಾಲದಿಂದ ಬೆನ್ನುನೋವು ಇದ್ದ 320 ಮಂದಿಯ ಮೇಲೆ ನಡೆಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. 12 ವಾರ, ವಾರಕ್ಕೊಂದು ಕ್ಲಾಸಿನಂತೆ ಯೋಗ ಮಾಡಿದವರಿಗೆ ಫಿಸಿಯೋಥೆರಪಿ ಮಾಡಿಸಿಕೊಂಡವರಷ್ಟೇ ಗುಣ ಕಂಡಿತು. ಇಲ್ಲೊಂದು ಗಮನಿಸಿ. ಅದು ಬೆನ್ನುನೋವಿನವರಿಗೆಂದೇ ಹೊಂದಿಸಿದ ಮೆದು ಕ್ಲಾಸು. ಎಲ್ಲರ ಜೊತೆ ಎಲ್ಲ ಆಸನ ಹಾಕಿಸುವ ಬ್ಯಾಚ್ ಅಲ್ಲ.

ಮುಟ್ಟಿ ತಿದ್ದುವಾಗ

ಈಗ ಯಾರೂ ಬಾಯಿ ಬಿಟ್ಟು ಆಡದ ಮಾತಿಗೆ ಬರೋಣ. ಆಸನ ತಪ್ಪಾದರೆ ಟೀಚರ್ ಕೈಹಿಡಿದು ತಿದ್ದುತ್ತಾರೆ. ಭುಜ ಹಿಂದಕ್ಕೆ, ಪಾದ ನೇರಕ್ಕೆ. ಇದು ಅಗತ್ಯವೇ. ಆದರೆ 'ತಿದ್ದಲೇ?' ಎಂದು ಕೇಳಿ ಬೆರಳ ತುದಿಯಲ್ಲಿ ತೋರಿಸುವುದು ಒಂದು. ಮೈಮೇಲೆ ಭಾರ ಹಾಕಿ ಒತ್ತುವುದು ಇನ್ನೊಂದು. ಹಾಗೆ ಒತ್ತಿದಾಗ ತೊಡೆಯ ಹಿಂದಿನ ಸ್ನಾಯು ಹರಿಯಬಹುದು, ಮಂಡಿ ಸೆಳೆಯಬಹುದು. ಮೈಗೆ ನೋವಾಗದೆ ಮನಸ್ಸಿಗೆ ಕಸಿವಿಸಿ ಆಗುವುದೂ ಉಂಟು.

'ಛೆ, ಗುರುಗಳು ಅಲ್ವಾ, ನಾನೇ ತಪ್ಪು ತಿಳ್ಕೊಂಡೆನೇನೋ' ಎಂದು ನಮ್ಮ ಬಾಯಿ ನಾವೇ ಮುಚ್ಚಿಕೊಳ್ಳುತ್ತೇವೆ. ಮೈಸೂರಿನ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಾಸನದಲ್ಲಿ ಮರುಳಾದ ಆ ಹುಡುಗ, ಪಟ್ಟಾಭಿ ಜೋಯಿಸರು, ಲಕ್ಷ್ಮೀಪುರಂನಲ್ಲಿ, ಆಮೇಲೆ 2002ರಿಂದ ಗೋಕುಲಂನಲ್ಲಿ ಕಲಿಸಿದರು. ಅವರ ಅಷ್ಟಾಂಗ ಯೋಗ ಕಲಿಯಲು ಹೊರದೇಶಗಳಿಂದ ಸಾವಿರಾರು ಜನ ಮೈಸೂರಿಗೆ ಬಂದರು. ಅವರು ತೀರಿಕೊಂಡದ್ದು 2009ರಲ್ಲಿ. 2017ರಿಂದೀಚೆಗೆ ಅವರ ಹಲವು ವಿದೇಶಿ ಶಿಷ್ಯೆಯರು, ಆಸನ ತಿದ್ದುವ ನೆಪದಲ್ಲಿ ಅವರು ತಮ್ಮನ್ನು ಮುಟ್ಟಬಾರದ ರೀತಿಯಲ್ಲಿ ಮುಟ್ಟಿದರೆಂದು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್, ಅಜ್ಜ ಸರಿಯಲ್ಲದ ರೀತಿಯಲ್ಲಿ ತಿದ್ದುತ್ತಿದ್ದುದನ್ನು ತಾವೂ ಕಂಡಿದ್ದಾಗಿ ಒಪ್ಪಿ ಶಿಷ್ಯೆಯರ ಕ್ಷಮೆ ಕೇಳಿದರು. ಶಿಷ್ಯೆಯರಲ್ಲಿ ಕೆಲವರು ಬಾಯಿ ತೆರೆಯಲು ವರ್ಷಗಳೇ ಹಿಡಿದವು. ಓದಿ, ಬರೆದು, ದೇಶ ಸುತ್ತಿದ ಹೆಂಗಸರು ಅವರು. ಹಾಗಿರುವಾಗ ಮಫ್ಲರ್ ಸುತ್ತಿಕೊಂಡು ಬೆಳಗಿನ ಜಾವ ಹಾಲಿನ ಪಾತ್ರೆ ಇಟ್ಟು ಓಡಿಬರುವ ನಮ್ಮ ಹುಡುಗಿಯರಿಗೆ ಎಷ್ಟು ಕಷ್ಟ ಇರಬೇಡ?

ಈಗ ಹೊರದೇಶದ ಕೆಲವು ಕ್ಲಾಸುಗಳಲ್ಲಿ ಮ್ಯಾಟಿನ ಮೇಲೆ ಒಂದು ಕಾರ್ಡು ಇಡುವ ಪದ್ಧತಿ ಇದೆಯಂತೆ. ಒಂದು ಮಗ್ಗುಲು ಮೇಲಿದ್ದರೆ 'ಮುಟ್ಟಿ ತಿದ್ದಬಹುದು', ಮಗುಚಿದರೆ 'ಬೇಡ'. ನಮಗೆ ಕಾರ್ಡು ಯಾಕೆ? 'ಬಾಯಲ್ಲಿ ಹೇಳಿ ಸಾರ್, ನಾನೇ ಸರಿ ಮಾಡ್ಕೋತೀನಿ' ಅಂದರೆ ಮುಗಿಯಿತು. ಮೊದಲ ದಿನವೇ, ನಗುತ್ತಲೇ ಹೇಳಿಬಿಡಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಹೇಳಿದ ಮೇಲೂ ಕೈ ಬಂದರೆ ಮ್ಯಾಟು ಸುತ್ತಿಕೊಂಡು ಹೊರಡಿ, ಮನೆಯಲ್ಲೂ ಹೇಳಿ, ಜೊತೆಯವರಿಗೂ ಹೇಳಿ. ಇಷ್ಟಕ್ಕೆಲ್ಲ ಯೋಗವನ್ನೇ ಬಿಡಬೇಕಾಗಿಲ್ಲ. ಹೆಂಗಸರೇ ಕಲಿಸುವ, ಹೆಂಗಸರಿಗೆಂದೇ ಇರುವ ಬ್ಯಾಚುಗಳು ಈಗ ಸಣ್ಣ ಊರುಗಳಲ್ಲೂ ಇವೆ.

ಆ ಒಂದು ಗಂಟೆ ಎಲ್ಲಿಂದ ತರುವುದು?

ನಿಜವಾದ ಪದ್ಮಾಸನ ಇರುವುದು ಇಲ್ಲಿ! ಬೆಳಗಿನ ಆರರಿಂದ ಏಳು ಎಂದರೆ ಮನೆಯಲ್ಲಿ ಕಾಫಿ, ತಿಂಡಿ, ಡಬ್ಬಿ, ಸ್ಕೂಲ್ ವ್ಯಾನು, ಅತ್ತೆಯ ಬಿಸಿನೀರು ಎಲ್ಲ ಒಟ್ಟಿಗೆ ಮೈಮೇಲೆ ಬೀಳುವ ಹೊತ್ತು. ತೋಟದ ಮನೆಯಾದರಂತೂ ಕೇಳುವುದೇ ಬೇಡ. ನವೆಂಬರಿನಿಂದ ಕೊಯ್ಲು ಶುರುವಾದರೆ ಬೆಳಗ್ಗೆ ಆಳುಗಳು ಬರುವ ಮುಂಚೆ ಒಂದು ಸುತ್ತಿನ ಕೆಲಸ ಮುಗಿದಿರಬೇಕು. ಮೂಡಿಗೆರೆ ಕಡೆ ಡಿಸೆಂಬರ್, ಜನವರಿಯಲ್ಲಿ ಯೋಗ ಕ್ಲಾಸಿನ ಅರ್ಧ ಮ್ಯಾಟುಗಳು ಖಾಲಿ. ಕಣದಲ್ಲಿ ಕಾಫಿ ಹರಡಿರುವಾಗ ಯಾರು ತಾನೇ ಕಾಲು ಚಾಚಿ ಕೂತಾರು? (ಇಡೀ ದಿನ ಬಗ್ಗಿ ಎದ್ದು ಹಣ್ಣು ಕೊಯ್ದು ಮೂಟೆ ಹೊರುವ ಆ ಹೆಂಗಸರ ಬೆನ್ನಿಗೆ ಯಾವ ಕ್ಲಾಸು ಎಂದು ಯಾರೂ ಕೇಳುವುದಿಲ್ಲ. ಅದು ಬೇರೆಯೇ ಒಂದು ಲೇಖನ ಆದೀತು.)

ಕಳಸದ ಹತ್ತಿರದ ನನ್ನ ಅತ್ತಿಗೆಯೊಬ್ಬರು ಇದಕ್ಕೆ ದಾರಿ ಕಂಡುಕೊಂಡರು. ಅವರೂ, ಪಕ್ಕದ ಮನೆಯ ಮೂವರೂ ಸೇರಿ ಟೀಚರ್ ಹತ್ತಿರ ಹೋಗಿ, 'ಮಧ್ಯಾಹ್ನ ಮೂರೂವರೆಗೆ ಬ್ಯಾಚ್ ಮಾಡಿದ್ರೆ ನಾವು ನಾಲ್ಕು ಜನ ಖಾಯಂ' ಎಂದರಂತೆ. ಊಟ ಹನ್ನೆರಡೂವರೆಗೆ ಮುಗಿದರೆ ಮೂರೂವರೆಗೆ ಹೊಟ್ಟೆ ಹಗುರ. ಊಟಕ್ಕೂ ಆಸನಕ್ಕೂ ಮೂರು ಗಂಟೆಯಾದರೂ ಅಂತರ ಇರಬೇಕಲ್ಲ, ಅದೂ ಸರಿಹೋಯಿತು. ಮಕ್ಕಳು ಸ್ಕೂಲಿಂದ ಬರುವಷ್ಟರಲ್ಲಿ ಇವರು ಮನೆಯಲ್ಲಿ. ಯೋಗ ಬೆಳಗ್ಗೆಯೇ ಆಗಬೇಕು ಎಂಬುದು ನಿಯಮವೇನಲ್ಲ. ಕ್ಲಾಸಿನ ವೇಳೆ ಮೇಲಿಂದ ಇಳಿದು ಬಂದದ್ದಲ್ಲ ಸ್ವಾಮಿ, ಕೇಳಿದರೆ ಬದಲಾಗುತ್ತದೆ. ನಾಲ್ಕು ಜನ ಒಟ್ಟಿಗೆ ಕೇಳಿದರೆ ಬೇಗ ಬದಲಾಗುತ್ತದೆ.

ಮನೆಯಲ್ಲಿ ಅನುಮತಿ ಎಂಬ ಮಾತೂ ಇದೆ. 'ಆರೋಗ್ಯಕ್ಕೆ' ಅಂದರೆ ಹೂಂ ಎನ್ನುವ ಮನೆಯವರು, 'ನನಗೆ ಅಲ್ಲಿ ಕೂತರೆ ಖುಷಿ ಆಗುತ್ತೆ' ಅಂದರೆ ಹುಬ್ಬೇರಿಸುತ್ತಾರೆ. ನಾನು ಮಾತಾಡಿಸಿದವರಲ್ಲಿ ಬಹಳ ಮಂದಿ ಕ್ಲಾಸಿನಲ್ಲಿ ತಮಗೆ ಅತಿ ಇಷ್ಟವಾದದ್ದು ಕೊನೆಯ ಶವಾಸನ ಎಂದರು. ಹತ್ತು ನಿಮಿಷ ಯಾರೂ 'ಅಮ್ಮಾ' ಎಂದು ಕರೆಯುವುದಿಲ್ಲ, ಕುಕ್ಕರ್ ಕೂಗುವುದಿಲ್ಲ. ಒಬ್ಬರು ಮೊದಲ ವಾರ ಶವಾಸನದಲ್ಲಿ ಮಲಗಿದಾಗ ಕಾರಣವೇ ಇಲ್ಲದೆ ಅಳು ಬಂತು ಎಂದರು. ಟೀಚರ್ ಬಂದು ಏನೂ ಕೇಳದೆ ಒಂದು ಹೊದಿಕೆ ಹೊದಿಸಿ ಹೋದರಂತೆ. ಅವರು ಆ ಕ್ಲಾಸು ಬಿಟ್ಟಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಫೋನಿನಲ್ಲೇ ಕ್ಲಾಸು ಶುರುಮಾಡಿದರು. ನಮ್ಮ ಗುಡ್ಡಗಳ ನೆಟ್‌ವರ್ಕಿನಲ್ಲಿ ಟೀಚರ್ ತ್ರಿಕೋನಾಸನದಲ್ಲೇ ಹೆಪ್ಪುಗಟ್ಟಿ ನಿಂತುಬಿಡುತ್ತಿದ್ದರು, ಆ ಮಾತು ಬಿಡಿ. ಈಗಾಗಲೇ ಕಲಿತವರಿಗೆ ಫೋನು ಪರವಾಗಿಲ್ಲ. ಹೊಸಬರು ಆರು ತಿಂಗಳಾದರೂ ಎದುರಿಗೆ ಕೂತೇ ಕಲಿಯುವುದು ಒಳ್ಳೆಯದು. ನೀವು ಉಸಿರು ಬಿಗಿಹಿಡಿದಿದ್ದು ಸ್ಕ್ರೀನಿನ ಆಚೆಯವರಿಗೆ ಕಾಣುವುದಿಲ್ಲ.

ಮ್ಯಾಟು, ಬಟ್ಟೆ, ಮತ್ತೆ ಕಾಫಿ!

ಬಟ್ಟೆಗೆ ದುಡ್ಡು ಸುರಿಯಬೇಡಿ. ಸಡಿಲ ಚೂಡಿದಾರ್ ಸಾಕು, ವೇಲು ಮಾತ್ರ ಮನೆಯಲ್ಲೇ ಇರಲಿ. ಸೇಫ್ಟಿ ಪಿನ್ ಬೇಡ. ತಾಳಿ ಸರ ಉದ್ದವಿದ್ದರೆ ಒಳಗೆ ಸೇರಿಸಿಕೊಳ್ಳಿ, ಬಳೆ ಬಿಗಿಯಾಗಿದ್ದರೆ ತೆಗೆದಿಡಿ. ಮ್ಯಾಟು ಸ್ವಂತದ್ದೇ ಒಯ್ಯಿರಿ. ಮಲೆನಾಡಿನ ಮಳೆಗೆ ಸುತ್ತಿಟ್ಟ ಮ್ಯಾಟು ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಬಂದ ಮೇಲೆ ಬಿಡಿಸಿ ಬಚ್ಚಲ ಒಲೆಯ ಕೋಣೆಯಲ್ಲಿ, ಬೆಂಕಿಗೆ ದೂರವಾಗಿ ನೇತುಹಾಕಿ. ಸಿಮೆಂಟು ನೆಲವಾದರೆ ಅಡಿಗೆ ಒಂದು ಜಮಖಾನ ಇರಲಿ, ಶೀತ ಏರುವುದಿಲ್ಲ.

ಇನ್ನೊಂದು ಬಹಳ ಮುಖ್ಯ. 'ನಮ್ಮಲ್ಲಿ ಮೂರು ತಿಂಗಳು ಬನ್ನಿ, ಥೈರಾಯ್ಡ್ ಮಾತ್ರೆ ಬಿಡಿಸ್ತೀವಿ' ಎಂದು ಯಾರಾದರೂ ಹೇಳಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಮಾತ್ರೆ ಕಡಿಮೆ ಮಾಡುವುದು, ನಿಲ್ಲಿಸುವುದು ರಕ್ತಪರೀಕ್ಷೆ ನೋಡಿ ಡಾಕ್ಟರು ಹೇಳಬೇಕಾದ ಮಾತು. ಬಿ.ಪಿ., ಶುಗರ್ ಮಾತ್ರೆಗೂ ಅಷ್ಟೇ.

ಥೈರಾಯ್ಡ್ ಮಾತ್ರೆಯವರಿಗೆ ಬೆಳಗಿನ ಕ್ಲಾಸಿನಿಂದ ಒಂದು ಲಾಭವಂತೂ ಇದೆ. ಆ ಮಾತ್ರೆಯನ್ನು ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬೇರೇನೂ ಕುಡಿಯಬಾರದು. ಕಾಫಿಯಂತೂ ಕೂಡದು, ಅದು ಮಾತ್ರೆ ಮೈಗೆ ಹತ್ತದಂತೆ ಮಾಡುತ್ತದೆ. ಕಾಫಿ ನಾಡಿನಲ್ಲಿ ಹುಟ್ಟಿ, ಕಣ್ಣು ಬಿಡುವ ಮುಂಚೆ ಡಿಕಾಕ್ಷನ್ ವಾಸನೆ ಹಿಡಿದು ಏಳುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ? ಐದೂವರೆಗೆ ಮಾತ್ರೆ ನುಂಗಿ ಆರಕ್ಕೆ ಕ್ಲಾಸಿಗೆ ಹೋಗಿಬಿಡಿ. ಏಳಕ್ಕೆ ಮನೆಗೆ ಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಫಿಲ್ಟರಿಗೆ ಪುಡಿ ಹಾಕಿ ನೀರು ಹೊಯ್ದಿಟ್ಟೇ ಹೊರಡಿ. ಡಿಕಾಕ್ಷನ್ ಇಳಿದಿರುತ್ತದೆ.